ಆರ್‌ಎನ್‌ಎ ಹೋಗುವುದು ಎಲ್ಲಿಗೆ?

‘ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್’ ಎಂಬ ಪಾಠಕ್ಕೆ ನಾವು ಕಪ್ಪುಹಲಗೆಯ ಮೇಲೆ ಬರೆಯುವ ಚಿತ್ರದಲ್ಲಿ ಬಾಣವೊಂದು ಕೋಶಕೇಂದ್ರದಿಂದ ಹೊರಟು ಕೋಶದ್ರವ್ಯಕ್ಕೆ ಬಂದು ನಿಲ್ಲುತ್ತದೆ. ಕೋಶದ್ರವ್ಯದಲ್ಲಿ ಎಲ್ಲಿ ಎಂಬುದನ್ನು ಚಿತ್ರ ಹೇಳುವುದಿಲ್ಲ. ಸಂದೇಶವಾಹಕ ಆರ್‌ಎನ್‌ಎ ನೀರಿನಲ್ಲಿ ಕರಗಿದ ಸಕ್ಕರೆಯಂತೆ ಎಲ್ಲೆಡೆ ಸಮನಾಗಿ ಹರಡಿರುತ್ತದೆ ಎಂದು ವಿದ್ಯಾರ್ಥಿಗಳು ತಿಳಿಯಲು ಇಷ್ಟು ಸಾಕು. ಎಷ್ಟೋ ಸಂದೇಶಗಳ ಮಟ್ಟಿಗೆ ಅದು ನಿಜವಲ್ಲ.

ಮೊಗ್ಗುವಿಕೆಯ ಪಾಠದಲ್ಲಿ ಬರುವ ಯೀಸ್ಟನ್ನೇ ನೋಡೋಣ. ಯೀಸ್ಟ್ ಕೋಶಗಳಲ್ಲಿ ‘ಎ’ ಮತ್ತು ‘ಆಲ್ಫಾ’ ಎಂಬ ಎರಡು ಬಗೆಗಳಿವೆ. ಕಾಡು ಯೀಸ್ಟ್‌ನಲ್ಲಿ ತಾಯಿಕೋಶ ತನ್ನ ಬಗೆಯನ್ನು ಬದಲಿಸಿಕೊಳ್ಳಬಲ್ಲದು. ಆಗತಾನೇ ಹುಟ್ಟಿದ ಮರಿಕೋಶ ಬದಲಿಸಿಕೊಳ್ಳಲಾರದು. ಇದನ್ನು ತಡೆಯುವುದು ‘ಆಶ್1’ ಎಂಬ ಪ್ರೋಟೀನ್. ಅದರ ಸಂದೇಶವನ್ನು ಮಯೋಸಿನ್ ಪ್ರೋಟೀನೊಂದು ಆಕ್ಟಿನ್ ಎಳೆಗಳ ಮೇಲೆ ಹೊತ್ತು ಮೊಗ್ಗಿನ ತುದಿಗೆ ಒಯ್ಯುತ್ತದೆ. ಈ ಸಾಗಣೆ ಕೆಟ್ಟರೆ ಪ್ರೋಟೀನ್ ಎರಡೂ ಕೋಶಗಳಲ್ಲಿ ಸೇರಿಕೊಂಡು, ತಾಯಿಕೋಶವೂ ಬದಲಾಗುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಸಂದೇಶ ಅದೇ, ಸ್ಥಳ ತಪ್ಪಿದರೆ ಫಲವೇ ಬೇರೆ.

ಇದನ್ನು ಕಣ್ಣಾರೆ ಕಾಣುವುದು ಹೇಗೆ? ಹಳೆಯ ವಿಧಾನದಲ್ಲಿ ಕೋಶವನ್ನು ರಾಸಾಯನಿಕದಿಂದ ಸ್ಥಿರಗೊಳಿಸಿ, ಆರ್‌ಎನ್‌ಎಗೆ ಜೋಡಿಯಾಗುವ ಹೊಳೆಯುವ ಎಳೆಯನ್ನು ಸೇರಿಸುತ್ತಿದ್ದರು. ಆರ್‌ಎನ್‌ಎ ಎಲ್ಲಿದೆ ಎಂದು ತಿಳಿಯುತ್ತಿತ್ತು. ಆದರೆ ಕೋಶ ಸತ್ತಿರುವುದರಿಂದ ಅದರ ಚಲನೆ ಕಾಣುತ್ತಿರಲಿಲ್ಲ.

1998ರಲ್ಲಿ ರಾಬರ್ಟ್ ಸಿಂಗರ್ ಮತ್ತು ಸಂಗಡಿಗರು ಜೀವಂತ ಯೀಸ್ಟ್‌ನಲ್ಲೇ ಇದನ್ನು ನೋಡಿದರು. ಬ್ಯಾಕ್ಟೀರಿಯಾಗಳಿಗೆ ಸೋಂಕು ತರುವ ಎಂಎಸ್2 ವೈರಸ್ಸಿನ ಹೊದಿಕೆ ಪ್ರೋಟೀನ್, ಹೇರ್‌ಪಿನ್ನಿನಂತೆ ಮಡಚಿದ ಒಂದು ನಿರ್ದಿಷ್ಟ ಆರ್‌ಎನ್‌ಎ ತುಣುಕನ್ನು ಬಿಗಿಯಾಗಿ ಹಿಡಿಯುತ್ತದೆ. ಅಂಥ ಆರು ತುಣುಕುಗಳನ್ನೂ ಆಶ್1 ಸಂದೇಶದ ತುದಿಭಾಗವನ್ನೂ ಒಂದೇ ಆರ್‌ಎನ್‌ಎಯಲ್ಲಿ ಸೇರಿಸಿದರು. ಹೊದಿಕೆ ಪ್ರೋಟೀನಿಗೆ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಕಟ್ಟಿದರು. ಆರ್‌ಎನ್‌ಎಗೆ ಅಂಟದ ಹಸಿರು ಪ್ರೋಟೀನ್ ಕೋಶಕೇಂದ್ರದಲ್ಲೇ ಉಳಿಯುವಂತೆ ಮಾಡಿದ್ದರಿಂದ ಕೋಶದ್ರವ್ಯದಲ್ಲಿನ ಹಸಿರು ಚುಕ್ಕೆ ಸ್ಪಷ್ಟವಾಗಿ ಕಂಡಿತು. ಅದು ಸೆಕೆಂಡಿಗೆ 0.2ರಿಂದ 0.44 ಮೈಕ್ರೊಮೀಟರ್ ವೇಗದಲ್ಲಿ ಮೊಗ್ಗಿನತ್ತ ಸಾಗಿತು. ತುದಿಭಾಗದ ಬದಲು ಬೇರೊಂದು ಸಂದೇಶದ ತುದಿಯನ್ನು ಜೋಡಿಸಿದಾಗ ಚುಕ್ಕೆ ಮೊಗ್ಗಿನಲ್ಲಿ ನೆಲೆಯಾಗಲಿಲ್ಲ. ವಿಳಾಸವಿರುವುದು ತುದಿಭಾಗದಲ್ಲಿ ಎಂಬುದಕ್ಕೆ ಈ ಹೋಲಿಕೆಯೇ ಆಧಾರ.

ತರಗತಿಯಲ್ಲಿ ಬೆಚ್ಚಗಿನ ಸಕ್ಕರೆ ನೀರಿಗೆ ಯೀಸ್ಟ್ ಹಾಕಿ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಮೊಗ್ಗುಗಳನ್ನು ತೋರಿಸಬಹುದು. ಆರ್‌ಎನ್‌ಎ ಅದರಲ್ಲಿ ಕಾಣದು ಎಂಬುದನ್ನೂ ಹೇಳಬೇಕು. ಬಳಿಕ ‘ಮರಿಗೆ ಮಾತ್ರ ಬೇಕಾದ ಪ್ರೋಟೀನಿನ ಸಂದೇಶ ಎಲ್ಲಿರಬೇಕು?’ ಎಂದು ಕೇಳಿ, ಕಪ್ಪುಹಲಗೆಯ ಬಾಣವನ್ನು ಮೊಗ್ಗಿನ ತುದಿಯವರೆಗೆ ವಿದ್ಯಾರ್ಥಿಗಳಿಂದಲೇ ಎಳೆಸಬೇಕು.