ವಿಂಡೋಸ್ ಇಲ್ವಾ? ಹಾಗಾದ್ರೆ ಆಗಲ್ಲ!

ಪವಾಯಿಯ ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಮಾಮ ಎಂದೇ ಕರೆಯುವುದು. ಬ್ಯಾಂಕಿನಿಂದ ನಿವೃತ್ತರಾಗಿ ಹತ್ತು ವರ್ಷದ ಮೇಲಾಯಿತು. ಬೆಳಗ್ಗೆ ಕಾಫಿಯ ಜೊತೆ ಊರಿನ ಇ-ಪೇಪರ್, ರಾತ್ರಿ ಒಂಬತ್ತಕ್ಕೆ ಮಗಳ ಜೊತೆ ವಿಡಿಯೊ ಮಾತು, ಎರಡೂ ಲ್ಯಾಪ್‌ಟಾಪ್‌ನಲ್ಲೇ ಆಗಬೇಕು. ಫೋನಿನ ಅಕ್ಷರ ಅವರ ಕಣ್ಣಿಗೆ ಹಿಡಿಸುವುದಿಲ್ಲ. ಇಷ್ಟು ದಿನ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಹೇಗೋ ನಡೆಯುತ್ತಿತ್ತು. ಮಾತಿನ ಮಧ್ಯೆ ಮೊಮ್ಮಗಳ ಮುಖ ನಿಂತುಬಿಡುತ್ತದೆಂದು ಬ್ರಾಡ್‌ಬ್ಯಾಂಡ್‌ಗೆ ಒಂದು ವರ್ಷದ ಹಣ ಮುಂಗಡವಾಗಿ ಕಟ್ಟಿದರು.

ತಂತಿ ಎಳೆಯಲು ಬಂದ ಹುಡುಗ ಎಲ್ಲ ಕೆಲಸ ಚೆನ್ನಾಗಿಯೇ ಮಾಡಿದ. ಟೆರೇಸಿನಿಂದ ಕೇಬಲ್ ಇಳಿಸಿ, ಕಿಟಕಿಯ ಮೂಲೆಯಲ್ಲಿ ತೂತು ಕೊರೆದು, ತನ್ನದೇ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ನೆಟ್ ಬರುತ್ತಿದೆ ಎಂದು ತೋರಿಸಿದ. ಆಮೇಲೆ ಮಾಮನ ಲ್ಯಾಪ್‌ಟಾಪ್ ತೆರೆದು ಬೆಪ್ಪಾದ. ‘ಅಂಕಲ್, ಇದರಲ್ಲಿ ವಿಂಡೋಸೇ ಇಲ್ಲ. ಆಗಲ್ಲ’ ಎಂದು ಹಿಂದಿಯಲ್ಲಿ ಹೇಳಿ ಹೊರಟುಹೋದ. ಗ್ರಾಹಕರ ಕಂಪ್ಯೂಟರ್ ಸರಿಯಿಲ್ಲ ಎಂದು ಷರಾ ಬರೆದು ಕಂಪನಿ ದೂರನ್ನೂ ಮುಗಿಸಿತು.

ಸಂಜೆ ನಾನು ಲಿಫ್ಟಿನಿಂದ ಇಳಿಯುವಾಗ ಮಾಮ ಬಾಗಿಲಲ್ಲೇ ನಿಂತಿದ್ದರು. ‘ಅವ ಆಗುದಿಲ್ಲ ಅಂತ ಹೇಳಿ ಹೋದ ಮಾರಾಯ. ಹೊಸ ಲ್ಯಾಪ್‌ಟಾಪ್ ತಗೊಳ್ಬೇಕಂತೆ. ಇದನ್ನು ಹಾಕಿಕೊಟ್ಟದ್ದು ನೀನೇ ಅಲ್ವಾ?’

ಹೌದು, ನಾನೇ. ಆ ಲ್ಯಾಪ್‌ಟಾಪ್ 2015ರದು, ಇಂಟೆಲ್‌ನ ಐದನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಚಿಪ್ ಮತ್ತು ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು. ಇತ್ತ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಪಡೆಯುವ ದಾರಿ ಇತ್ತು, ಆದರೆ ವರ್ಷ ಕಳೆದ ಮೇಲೆ ಮತ್ತದೇ ಪ್ರಶ್ನೆ. ಹಾಗಾಗಿ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಮಿಂಟ್ 22 ಕೂರಿಸಿದ್ದೆ. ಅದಕ್ಕೆ 2029ರವರೆಗೆ ಅಪ್‌ಡೇಟ್ ಇದೆ.

‘ಬೆಂಬಲವಿಲ್ಲ’ ಎಂಬ ಒಂದೇ ಮಾತಿಗೆ ಇಲ್ಲಿ ಎರಡು ಅರ್ಥ ಬರುತ್ತದೆ. ಒಂದು, ತಯಾರಿಸಿದವರೇ ಕೈಬಿಟ್ಟ ವ್ಯವಸ್ಥೆ. ಹೊಸದಾಗಿ ಪತ್ತೆಯಾಗುವ ಲೋಪಗಳನ್ನು ಅಲ್ಲಿ ಯಾರೂ ಮುಚ್ಚುವುದಿಲ್ಲ, ಅಂಥದ್ದರಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ನಿಜಕ್ಕೂ ಅಪಾಯ. ಇನ್ನೊಂದು, ನೆಟ್ ಕಂಪನಿಯ ಹೆಲ್ಪ್‌ಲೈನ್ ಹುಡುಗಿಯ ಎದುರಿನ ಪರದೆಯಲ್ಲಿ ಹೆಸರಿಲ್ಲದ ವ್ಯವಸ್ಥೆ. ತಮಾಷೆಯೆಂದರೆ ಬಂದ ಹುಡುಗನ ಲ್ಯಾಪ್‌ಟಾಪ್‌ನಲ್ಲಿದ್ದದ್ದು ವಿಂಡೋಸ್ 7. ಅದರ ಬೆಂಬಲ ಮುಗಿದದ್ದು 2020ರ ಜನವರಿಯಲ್ಲಿ. ಅದು ಕಂಪನಿಗೆ ಒಪ್ಪಿಗೆ, ಮಾಮನದು ಒಪ್ಪಿಗೆಯಿಲ್ಲ!

ತಂತಿಗೆ ಮಾತ್ರ ಈ ಜಾತಿಭೇದ ಗೊತ್ತಿಲ್ಲ. ಬಳಕೆದಾರನ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುವ ಈ ವಿಧಾನಕ್ಕೆ ಪಿಪಿಪಿಒಇ ಎನ್ನುತ್ತಾರೆ. ಅದರ ನಿಯಮಾವಳಿ 1999ರ ಫೆಬ್ರುವರಿಯಲ್ಲೇ ಆರ್‌ಎಫ್‌ಸಿ 2516 ಎಂಬ ಸಂಖ್ಯೆಯಲ್ಲಿ ಪ್ರಕಟವಾಗಿದೆ, ಯಾರು ಬೇಕಾದರೂ ಓದಿ ಅಳವಡಿಸಿಕೊಳ್ಳಬಹುದು. ನಮ್ಮ ಕಂಪ್ಯೂಟರ್ ಮೊದಲು ತಂತಿಯಲ್ಲಿ ‘ಯಾರಾದರೂ ಇದ್ದೀರಾ?’ ಎಂದು ಕೂಗುತ್ತದೆ. ಆ ಕಡೆಯ ಸರ್ವರ್ ‘ನಾನಿದ್ದೇನೆ’ ಎನ್ನುತ್ತದೆ. ಆಮೇಲೆ ಹೆಸರು, ಪಾಸ್‌ವರ್ಡ್. ಈ ಮಾತುಕತೆಯಲ್ಲಿ ನೀವು ಯಾವ ಆಪರೇಟಿಂಗ್ ಸಿಸ್ಟಂ ಎಂಬ ಪ್ರಶ್ನೆ ಎಲ್ಲೂ ಬರುವುದಿಲ್ಲ.

2007ರಲ್ಲಿ ಶಿವಮೊಗ್ಗದ ನಮ್ಮ ಮನೆಗೆ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಾಗ ಮೋಡೆಮ್‌ನಲ್ಲಿ ಎರಡು ಕಿಂಡಿ ಇದ್ದವು. ಯುಎಸ್‌ಬಿಗೆ ಸಿಕ್ಕಿಸಿದರೆ ಸಿ.ಡಿ.ಯಲ್ಲಿದ್ದ ವಿಂಡೋಸ್ ಡ್ರೈವರ್ ಬೇಕು, ಲ್ಯಾನ್ ಕಿಂಡಿಗೆ ಸಿಕ್ಕಿಸಿದರೆ ಏನೂ ಬೇಡ. ಗೆಳೆಯನ ಅಣ್ಣ ಅದನ್ನು ಹೇಳಿಕೊಡದಿದ್ದರೆ ನಾನು ಆವತ್ತೇ ಲಿನಕ್ಸ್ ಆಸೆ ಬಿಡುತ್ತಿದ್ದೆ.

ಮಾಮನ ಮನೆಯಲ್ಲಿ ನೆಟ್‌ವರ್ಕ್ ಕನೆಕ್ಷನ್ಸ್ ತೆರೆದು, ಕೂಡಿಸುವ ಚಿಹ್ನೆ ಒತ್ತಿ, ‘ಡಿಎಸ್‌ಎಲ್/ಪಿಪಿಪಿಒಇ’ ಆರಿಸಿದೆ. ಚೀಟಿಯಲ್ಲಿದ್ದ ಹೆಸರು, ಪಾಸ್‌ವರ್ಡ್ ತುಂಬಿಸಿದೆ. ‘ಸರ್ವಿಸ್’ ಎಂಬ ಖಾನೆಯನ್ನು ಖಾಲಿ ಬಿಡಬೇಕು. ಬಹಳ ಜನ ಅಲ್ಲಿ ಕಂಪನಿಯ ಹೆಸರು ಬರೆಯುತ್ತಾರೆ, ಆ ಹೆಸರಿನ ಸೇವೆ ನಮ್ಮಲ್ಲಿಲ್ಲ ಎಂದು ಸರ್ವರ್ ಸುಮ್ಮನಾಗಿಬಿಡುತ್ತದೆ. ನಾನು ಖಾಲಿ ಬಿಟ್ಟಿದ್ದೆ, ಆದರೂ ಸರ್ವರ್ ಸುಮ್ಮನಿತ್ತು. ಲ್ಯಾನ್ ಕಿಂಡಿಯ ದೀಪ ಹಸಿರು, ಕೂಗಿಗೆ ಉತ್ತರವಿಲ್ಲ. ಮಾಮ ಏನೂ ಹೇಳದೆ ಎರಡನೇ ಸಲ ಚಹಾ ತಂದಿಟ್ಟರು. ಅದು ನನಗೆ ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ಹೆಲ್ಪ್‌ಲೈನ್‌ಗೆ ಫೋನ್ ಮಾಡಿದೆ. ‘ಸ್ಟಾರ್ಟ್ ಬಟನ್ ಒತ್ತಿ ಸರ್.’ ಲಿನಕ್ಸ್ ಎಂದೆ. ‘ಸಾರಿ ಸರ್, ಅದಕ್ಕೆ ಸಪೋರ್ಟ್ ಇಲ್ಲ.’ ಅಲ್ಲಿಗೆ ಮುಗಿಯಿತು. ಕಟ್ಟಡದ ಕೆಳಗೆ ಬಂದು ಸ್ವಲ್ಪ ಹೊತ್ತು ಅಡ್ಡಾಡುವಾಗ ಹೊಳೆಯಿತು. ಹುಡುಗ ಮೊದಲು ಸಿಕ್ಕಿಸಿದ್ದು ತನ್ನ ಲ್ಯಾಪ್‌ಟಾಪ್! ಇಲ್ಲಿನ ಅನೇಕ ನೆಟ್‌ನವರು ಮೊದಲು ಕಂಡ ಯಂತ್ರದ ಮ್ಯಾಕ್ ವಿಳಾಸವನ್ನು ಆ ಖಾತೆಗೆ ಗಂಟು ಹಾಕಿಬಿಡುತ್ತಾರೆ. ಬೇರೆ ಯಂತ್ರ ಕರೆದರೆ ಓಗೊಡುವುದಿಲ್ಲ. ಮತ್ತೆ ಫೋನ್ ಮಾಡಿ, ಈ ಸಲ ಲಿನಕ್ಸ್ ಸುದ್ದಿಯೇ ಎತ್ತದೆ, ‘ಕಂಪ್ಯೂಟರ್ ಬದಲಾಗಿದೆ, ಮ್ಯಾಕ್ ರಿಸೆಟ್ ಮಾಡಿ’ ಎಂದೆ. ಎರಡು ನಿಮಿಷದ ಕೆಲಸ. ನೆಟ್ ಬಂತು.

ಪೂರ್ತಿ ಬರಲಿಲ್ಲ ಎನ್ನಿ. ಗೂಗಲ್ ತೆರೆಯಿತು, ಮಾಮನ ಇ-ಪೇಪರ್ ಅರ್ಧಕ್ಕೆ ನಿಂತಿತು. ಇದೂ ಲಿನಕ್ಸ್‌ನ ತಪ್ಪಲ್ಲ. ಈಥರ್‌ನೆಟ್‌ನಲ್ಲಿ ಒಂದು ಕಟ್ಟಿನಲ್ಲಿ 1500 ಬೈಟ್ ಹೋಗುತ್ತದೆ, ಪಿಪಿಪಿಒಇ ತನ್ನ ಪಾಲಿಗೆ 8 ಬೈಟ್ ಹಿಡಿದುಕೊಂಡರೆ ಉಳಿಯುವುದು 1492. ನಡುದಾರಿಯಲ್ಲಿ ಎಲ್ಲಾದರೂ ಇನ್ನೂ ಇಕ್ಕಟ್ಟಿದ್ದು, ‘ಹಿಡಿಸುವುದಿಲ್ಲ’ ಎಂಬ ಸಂದೇಶವೂ ನಮಗೆ ಮುಟ್ಟದಿದ್ದರೆ ದೊಡ್ಡ ಕಟ್ಟುಗಳು ಸದ್ದಿಲ್ಲದೆ ಕಳೆದುಹೋಗುತ್ತವೆ. ಗಾತ್ರ ಇಳಿಸುತ್ತ ಪಿಂಗ್ ಮಾಡಿ ನೋಡಿ, ಎಂಟಿಯು ಎಂಬಲ್ಲಿ 1440 ಎಂದು ಬರೆದೆ. ಮುಖಪುಟ ಮೂಡಿತು. ಮಾಮ ಮೊದಲು ತೆರೆದದ್ದು ಉಡುಪಿ ಆವೃತ್ತಿ.

ಇಷ್ಟಾದ ಮೇಲೆ ಮಾಡಿದ್ದನ್ನು ಮೊದಲೇ ಮಾಡಬಹುದಿತ್ತು. ಒಂದು ರೌಟರ್ ತಂದು ಹೆಸರು, ಪಾಸ್‌ವರ್ಡ್, ಆ 1440 ಎಲ್ಲವನ್ನೂ ಅದಕ್ಕೇ ಒಪ್ಪಿಸಿದೆ. ಹೊಸ ಯಂತ್ರವಾದ್ದರಿಂದ ಮತ್ತೊಮ್ಮೆ ಮ್ಯಾಕ್ ರಿಸೆಟ್ ಮಾಡಿಸಬೇಕಾಯಿತು, ಅಷ್ಟೇ. ಈಗ ಲ್ಯಾಪ್‌ಟಾಪ್‌ಗೆ ಬೇಕಿರುವುದು ವೈಫೈ ಪಾಸ್‌ವರ್ಡ್ ಒಂದೇ. ನೀವೂ ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿ ಕಷ್ಟಪಡುತ್ತಿದ್ದರೆ ಈ ದಾರಿಯೇ ಸುಲಭ. ಅಂದಹಾಗೆ, ಮನೆಬಳಕೆಯ ರೌಟರ್‌ಗಳಲ್ಲಿ ಬಹುಪಾಲಿನ ಒಳಗೆ ಓಡುವುದು ಲಿನಕ್ಸೇ. ‘ಆಗಲ್ಲ’ ಎಂದ ಹುಡುಗನ ಜೇಬಿನಲ್ಲಿದ್ದ ಆಂಡ್ರಾಯ್ಡ್ ಫೋನಿನ ಬುಡದಲ್ಲೂ ಅದೇ.

ಅವನನ್ನು ದೂರಿ ಪ್ರಯೋಜನವಿಲ್ಲ. ದಿನಕ್ಕೆ ಇಷ್ಟು ಮನೆ ಮುಗಿಸಬೇಕು, ಕಲಿಸಿದ್ದು ಒಂದೇ ಪರದೆ. ನನ್ನ ಸಿಟ್ಟಿರುವುದು ಆ ‘ಆಗಲ್ಲ’ವನ್ನು ನಂಬಿ ಹಿರಿಯರೊಬ್ಬರು ಪಿಂಚಣಿಯ ನಲವತ್ತು ಸಾವಿರ ಹೊಸ ಯಂತ್ರಕ್ಕೆ ಸುರಿಯುವ ಹಂತಕ್ಕೆ ಬಂದಿದ್ದರಲ್ಲ, ಅದರ ಮೇಲೆ. ನಮ್ಮ ಪವಾಯಿಯಲ್ಲೇ ಇರುವ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಲಿನಕ್ಸ್ ಪಾಠಗಳನ್ನು ಕನ್ನಡದಲ್ಲೂ ಉಚಿತವಾಗಿ ಕೊಡುತ್ತದೆ. ಅದರ ಗೇಟಿನ ಮುಂದೆಯೇ ದಿನಾ ಬೈಕ್ ಓಡಿಸುವ ಈ ಹುಡುಗರಿಗೆ ಯಾರೂ ಅದನ್ನು ತೋರಿಸಿಲ್ಲ.

ಮುಂದಿನ ವಾರ ಅದೇ ಹುಡುಗ ನಾಲ್ಕನೇ ಮಹಡಿಗೆ ಬಂದಿದ್ದ. ಮಾಮ ಕರೆದು ಕೂರಿಸಿ ಚಹಾ ಕೊಟ್ಟು ಪರದೆ ತೋರಿಸಿದರಂತೆ. ಆ ‘ಡಿಎಸ್‌ಎಲ್/ಪಿಪಿಪಿಒಇ’ ಕಿಟಕಿಯ ಫೋಟೊ ತೆಗೆದುಕೊಂಡು ಹೋದನಂತೆ. ಮಾಮನ ಪ್ರಿಂಟರ್ ಮಾತ್ರ ಇನ್ನೂ ಲಿನಕ್ಸ್ ಮಾತು ಕೇಳುತ್ತಿಲ್ಲ. ಈ ಭಾನುವಾರ ಬಾ ಎಂದಿದ್ದಾರೆ.