ಕಬಡ್ಡಿಯ ಮೂಲೆಯಾಳು

ಹಲವಾಗಲಿನ ಕಡೆಯ ಊರುಗಳಲ್ಲಿ ಕಬಡ್ಡಿಯನ್ನು ನೋಡಿದವರೆಲ್ಲ ಬಲ್ಲರು: ಏಳು ಮಂದಿಯ ಪೈಕಿ ಮೂಲೆಯಲ್ಲಿ ನಿಂತವನೊಬ್ಬ ಗಟ್ಟಿಗನಾದರೆ ತಂಡದ ರಕ್ಷಣೆಯೇ ಗಟ್ಟಿ. ಇದರ ಕಾರಣವನ್ನು ನಾವು ಭೌತವಿಜ್ಞಾನದಲ್ಲಿ ಹುಡುಕೋಣ.

80 ಕಿಲೋಗ್ರಾಂ ತೂಕದ ದಾಳಿಗಾರನು ಸೆಕೆಂಡಿಗೆ 5 ಮೀಟರ್ ವೇಗದಿಂದ ಮಧ್ಯರೇಖೆಯತ್ತ ಧಾವಿಸುತ್ತಿರುವನೆಂದು ಭಾವಿಸೋಣ. ಅರ್ಧ ಸೆಕೆಂಡಿನಲ್ಲಿ ಅವನನ್ನು ನಿಲ್ಲಿಸಲು ಸರಾಸರಿ 800 ನ್ಯೂಟನ್ ಬಲ, ಎಂದರೆ ಹೆಚ್ಚುಕಡಿಮೆ ಅವನ ತೂಕದಷ್ಟೇ ಬಲ ಬೇಕು. ಒಬ್ಬನಿಗೆ ಇದು ಕಷ್ಟಸಾಧ್ಯ. ಆದುದರಿಂದ ಮೂಲೆಯವನು ಕಾಲಿನ ಹರಡನ್ನು ಹಿಡಿಯುತ್ತಾನೆ. ಮುಂದಿಡಬೇಕಾದ ಕಾಲು ಸೆರೆಯಾದೊಡನೆ ಗುರುತ್ವಕೇಂದ್ರವು ಮುಂದೆ ಸಾಗಿ, ಆಧಾರವು ಹಿಂದುಳಿದು, ದೇಹವು ಮುಗ್ಗರಿಸುತ್ತದೆ.

ಬೋನಸ್ ಗೆರೆಯಿಂದ ಮಧ್ಯರೇಖೆಗೆ 4.75 ಮೀಟರ್, ಆ ವೇಗದಲ್ಲಿ ಒಂದು ಸೆಕೆಂಡಿನ ಹಾದಿ. ಅರ್ಧ ಸೆಕೆಂಡು ತಡೆದರೂ ಉಳಿದವರು ಮುತ್ತಿಕೊಳ್ಳುವರು. ಮೇಲಾಗಿ, ಇಂಥವನಿರುವ ಮೂಲೆಯನ್ನು ದಾಳಿಗಾರನು ತಪ್ಪಿಸುತ್ತಾನೆ. ಅವನ ಪಾಲಿಗೆ ಅಂಕಣ ಕಿರಿದಾಗುತ್ತದೆ. ಅವನು ಎತ್ತ ಬರುವನೆಂಬುದನ್ನು ಮಿಕ್ಕ ಆರು ಮಂದಿ ಊಹಿಸಬಲ್ಲರು. ಈ ಲಾಭವು ಅಂಕಪಟ್ಟಿಯಲ್ಲಿ ಕಾಣದು.

2023-24ರ ಪ್ರೊ ಕಬಡ್ಡಿಯಲ್ಲಿ ಕನ್ನಡಿಗ ಬಿ. ಸಿ. ರಮೇಶರ ತರಬೇತಿಯ ಪುಣೇರಿ ಪಲ್ಟನ್ ತಂಡ ಗೆದ್ದಿತು. ಅದರ ಇರಾನಿ ಆಟಗಾರ ಮೊಹಮ್ಮದ್‌ರೆಜಾ ಶಾದ್ಲೂಯಿ ಹಿಡಿತದಿಂದಲೇ 99 ಅಂಕ ಗಳಿಸಿ ಆ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದನು.

ಆದರೆ ಇಂಥವನು ಆತುರದಿಂದ ಎರಗಿ ತಪ್ಪಿದರೆ ತಾನೇ ಔಟ್. ಎದುರಾಳಿಗೆ ಅಂಕ ದೊರೆತು, ಔಟಾಗಿದ್ದ ಅವರ ಒಬ್ಬನು ಮರಳುತ್ತಾನೆ. ಇತ್ತ ಮೂಲೆ ಬರಿದು. ತೋಳಿನ ಬಲಕ್ಕಿಂತ ತಕ್ಕ ಕ್ಷಣವನ್ನು ಅರಿಯುವ ತಾಳ್ಮೆಯೇ ತಂಡವನ್ನು ಕಾಯುತ್ತದೆ.