ಆಟದ ಎಲೆಗೆ ಬೆಲೆ ಬಂದಾಗ

ಬೆಂಕಿಪೊಟ್ಟಣದ ಚಿತ್ರಗಳನ್ನೋ ಬಬಲ್‌ಗಮ್ ಜೊತೆ ಸಿಗುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರಗಳನ್ನೋ ಕೂಡಿಟ್ಟು, ಎರಡೆರಡು ಇದ್ದವನ್ನು ಗೆಳೆಯರೊಡನೆ ಅದಲುಬದಲು ಮಾಡಿಕೊಂಡ ನೆನಪು ಅನೇಕ ತಂದೆ-ತಾಯಂದಿರಿಗೆ ಇದ್ದೀತು. ಜೇಬಿನ ಚಿಲ್ಲರೆ ಮುಗಿದರೆ, ಇಲ್ಲವೇ ಬೇಸರ ಬಂದರೆ, ಆ ಆಟವೂ ಮುಗಿಯುತ್ತಿತ್ತು. ಅದೇ ಆಟ ಈಗ ಮೊಬೈಲಿಗೆ ಬಂದಿದೆ. ಅಲ್ಲಿನ ಕಾರ್ಡುಗಳಿಗೆ, ಅಂದರೆ ಎಲೆಗಳಿಗೆ, ಡಾಲರ್ ಲೆಕ್ಕದಲ್ಲಿ ಬೆಲೆಯಿದೆ. ಅವನ್ನು ಕೊಂಡು ಮಾರಲು ದಿನದ 24 ಗಂಟೆಯೂ ತೆರೆದಿರುವ ಸಂತೆಯಿದೆ.

ಇದು ಹಣಕಾಸಿನ ವಿಷಯ, ಆರೋಗ್ಯದ ಅಂಕಣಕ್ಕೇನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ಜೂಜಿನ ಚಟ ಮತ್ತು ವಿಡಿಯೊ ಆಟದ ಚಟ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ 11ನೆಯ ಆವೃತ್ತಿಯಲ್ಲಿ ಕಾಯಿಲೆಗಳೆಂದು ಗುರುತಿಸಿದೆ. ಈ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ನಾವಿಲ್ಲಿ ಹೇಳುತ್ತಿರುವ ಆಟದಲ್ಲಿ ಈ ಎರಡೂ ಚಟಗಳು ಒಂದೇ ಬಾಗಿಲಿನಿಂದ ಮನೆಯೊಳಗೆ ಬರಬಹುದು.

ಏನಿದು ಆಟ?

ಈ ಬಗೆಯ ಆಟಗಳಿಗೆ ಮೂಲ, ರಿಚರ್ಡ್ ಗಾರ್ಫೀಲ್ಡ್ ರೂಪಿಸಿ 1993ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಕಾಗದದ ಎಲೆಗಳ ಆಟ. ಮುಚ್ಚಿದ ಪೊಟ್ಟಣವನ್ನು ಕೊಳ್ಳಬೇಕು. ಒಳಗೆ ಯಾವ ಎಲೆಗಳಿವೆ ಎಂಬುದು ಬಿಚ್ಚಿದ ಮೇಲೆಯೇ ಗೊತ್ತಾಗುತ್ತದೆ. ಮುಂದೆ ಇಂಥ ಆಟಗಳು ಕಂಪ್ಯೂಟರಿಗೆ ಬಂದವು. 2018ರ ಸುಮಾರಿಗೆ ಅವಕ್ಕೆ ಬ್ಲಾಕ್‌ಚೈನ್ ಎಂಬ ತಂತ್ರಜ್ಞಾನ ಜೊತೆಯಾಯಿತು.

ಹಿಂದೆ ಊರಿನ ಜಮೀನಿನ ಲೆಕ್ಕವೆಲ್ಲ ಶ್ಯಾನುಭೋಗರ ಒಂದೇ ಖಾತೆಪುಸ್ತಕದಲ್ಲಿ ಇರುತ್ತಿತ್ತು. ಆ ಪುಸ್ತಕದ ಒಂದೊಂದು ಪ್ರತಿ ಸಾವಿರಾರು ಜನರ ಬಳಿ ಇದ್ದು, ಒಬ್ಬರು ತಿದ್ದಿದರೆ ಉಳಿದವರಿಗೆಲ್ಲ ತಿಳಿಯುವಂತಿದ್ದರೆ ಹೇಗೆ? ಬ್ಲಾಕ್‌ಚೈನ್ ಸರಿಸುಮಾರು ಹಾಗೆಯೇ. ಯಾವ ಎಲೆ ಯಾರದು ಎಂಬುದು ಅದರಲ್ಲಿ ದಾಖಲಾಗುತ್ತದೆ. ಆಡಿದವರಿಗೆ 'ಟೋಕನ್' ಎಂಬ ನಾಣ್ಯವೂ ದೊರೆಯುತ್ತದೆ. ಎಲೆಯನ್ನೂ ಟೋಕನ್ನನ್ನೂ ಮಾರಿ ನಿಜವಾದ ಹಣ ಮಾಡಿಕೊಳ್ಳಬಹುದು. ಆದರೆ ದಾಖಲೆ ಭದ್ರವಾಗಿದೆ ಎಂದ ಮಾತ್ರಕ್ಕೆ ಬೆಲೆ ಭದ್ರವಾಗಿರುವುದಿಲ್ಲ.

ಫಿಲಿಪ್ಪೀನ್ಸ್ ಕಲಿತ ಪಾಠ

ವಿಯೆಟ್ನಾಂನ ಸ್ಕೈ ಮೇವಿಸ್ ಎಂಬ ಕಂಪನಿಯ 'ಆಕ್ಸಿ ಇನ್ಫಿನಿಟಿ' ಆಟ ಇದಕ್ಕೆ ಒಳ್ಳೆಯ ಉದಾಹರಣೆ. ಆಕ್ಸಿ ಎಂಬ ಮೂರು ಪುಟ್ಟ ಪ್ರಾಣಿಗಳನ್ನು ಕೊಂಡು, ಅವುಗಳ ಎಲೆಗಳನ್ನು ಹೂಡಿ ಕಾದಾಡಬೇಕಿತ್ತು. ಗೆದ್ದವರಿಗೆ ಎಸ್‌ಎಲ್‌ಪಿ ಎಂಬ ಟೋಕನ್. ಕೋವಿಡ್ ಕಾಲದಲ್ಲಿ ದುಡಿಮೆ ನಿಂತುಹೋದಾಗ ಫಿಲಿಪ್ಪೀನ್ಸ್‌ನ ಕಬನಟುವಾನ್ ಮುಂತಾದ ಊರುಗಳಲ್ಲಿ ಅನೇಕರು ಇದನ್ನೇ ಜೀವನೋಪಾಯ ಮಾಡಿಕೊಂಡರು. ಆಕ್ಸಿ ಕೊಳ್ಳಲು ಹಣವಿಲ್ಲದವರು ಬೇರೆಯವರಿಂದ ಎರವಲು ಪಡೆದು ಆಡಿ, ಗಳಿಕೆಯಲ್ಲಿ ಪಾಲು ಕೊಟ್ಟರು. ಇದು ನಮ್ಮ ಕಡೆಯ ಗೇಣಿ ಪದ್ಧತಿಯಂತೆಯೇ ಇತ್ತು.

2021ರ ಜುಲೈಯಲ್ಲಿ ಒಂದು ಎಸ್‌ಎಲ್‌ಪಿಯ ಬೆಲೆ 30 ಅಮೆರಿಕನ್ ಸೆಂಟ್ ದಾಟಿತ್ತು. 2022ರ ಮಧ್ಯಭಾಗಕ್ಕೆ ಅದು ಒಂದು ಸೆಂಟ್‌ಗೂ ಕೆಳಗಿಳಿಯಿತು. ಕಾರಣ ಸರಳ. ಆಡಿದಷ್ಟೂ ಹೊಸ ಟೋಕನ್ ಹುಟ್ಟುತ್ತಿತ್ತು, ಕೊಳ್ಳಲು ಹೊಸಬರು ಅಷ್ಟು ವೇಗವಾಗಿ ಬರಲಿಲ್ಲ. ಸಾಲದೆಂಬಂತೆ 2022ರ ಮಾರ್ಚ್‌ನಲ್ಲಿ ಈ ಆಟದ ಹಣ ಹರಿಯುತ್ತಿದ್ದ ಜಾಲದಿಂದ 50 ಕೋಟಿ ಡಾಲರಿಗೂ ಮಿಕ್ಕ ಮೊತ್ತದ ಕಳ್ಳತನವಾಯಿತು.

ಮಿದುಳಿನಲ್ಲಿ ನಡೆಯುವುದೇನು?

ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿದ್ದರು. ಗುಂಡಿ ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಮೇಲೆ ಬೇಗ ಸುಮ್ಮನಾಗುತ್ತದೆ. ಯಾವಾಗ ಸಿಗುವುದೋ ತಿಳಿಯದಂತೆ ಕಾಳು ಪಡೆಯುತ್ತಿದ್ದ ಹಕ್ಕಿ ಮಾತ್ರ ಕುಕ್ಕುತ್ತಲೇ ಇರುತ್ತದೆ. ಮುಚ್ಚಿದ ಪೊಟ್ಟಣವನ್ನು ಬಿಚ್ಚುವ ಮನಸ್ಸೂ ಇಂಥದೇ. ಅನಿರೀಕ್ಷಿತ ಲಾಭ ಬಂದಾಗ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಹೆಚ್ಚು ಸ್ರವಿಸಿ, 'ಇನ್ನೊಮ್ಮೆ' ಎಂದು ಪ್ರೇರೇಪಿಸುತ್ತದೆ. ಅದಕ್ಕೆ ಕಡಿವಾಣ ಹಾಕಬೇಕಾದ ಮಿದುಳಿನ ಮುಂಭಾಗ ಹದಿಹರೆಯದಲ್ಲಿ ಇನ್ನೂ ಪೂರ್ತಿ ಬಲಿತಿರುವುದಿಲ್ಲ.

ಮಾಮೂಲಿ ಆಟಕ್ಕೆ ಬೇಸರವೇ ಸಹಜವಾದ ಕಡಿವಾಣ. ಆಟ ಸಾಕೆನಿಸಿದಾಗ ಮಗು ಎದ್ದು ಹೋಗುತ್ತದೆ. ಎಲೆಗೆ ಬೆಲೆ ಬಂದಾಗ ಈ ಕಡಿವಾಣ ಕಳಚಿಬೀಳುತ್ತದೆ. ಬೇಸರವಾದರೂ 'ಇಂದಿನ ಗಳಿಕೆ ಹೋಗುತ್ತದೆ' ಎಂದು ಕೂರಬೇಕಾಗುತ್ತದೆ. ಇನ್ನೊಂದು ಅಪಾಯವೂ ಇದೆ. ಇಸ್ಪೀಟಿನಲ್ಲಿ ಸೋತವನಿಗೆ ಹಣ ಹೋದದ್ದು ಕಣ್ಣಿಗೆ ಕಾಣುತ್ತದೆ. ಇಲ್ಲಿ ಎಲೆ ಕೈಯಲ್ಲೇ ಉಳಿಯುತ್ತದೆ, ಬೆಲೆ ಮಾತ್ರ ಹೋಗುತ್ತದೆ. 'ಇದು ಜೂಜಲ್ಲ, ಹೂಡಿಕೆ. ಬೆಲೆ ಮತ್ತೆ ಏರುತ್ತದೆ' ಎಂದು ನಂಬಿದವನು ಇನ್ನಷ್ಟು ಹಣ ಸುರಿಯುತ್ತಾನೆ.

ಗಮನಿಸಬೇಕಾದ ಲಕ್ಷಣಗಳು

ಆಡಿದವರೆಲ್ಲರೂ ರೋಗಿಗಳಾಗುವುದಿಲ್ಲ. ಎಲೆಗಳ ಆಟ ನೆನಪಿನ ಶಕ್ತಿಯನ್ನೂ ಲೆಕ್ಕಾಚಾರವನ್ನೂ ಬೇಡುವಂಥದು. ದಿನಕ್ಕೆ ಎಷ್ಟು ಗಂಟೆ ಆಡುತ್ತಾರೆ ಎಂಬುದಕ್ಕಿಂತ, ನಿಲ್ಲಿಸಬೇಕೆಂದಾಗ ನಿಲ್ಲಿಸಬಲ್ಲರೇ ಎಂಬುದೇ ಮುಖ್ಯ. ಈ ಕೆಳಗಿನವು ಕಂಡರೆ ಎಚ್ಚರ ವಹಿಸಿ:

• ನಡುರಾತ್ರಿ ಎದ್ದು ಬೆಲೆ ನೋಡುವುದು. ಹದಿಹರೆಯದವರಿಗೆ 8ರಿಂದ 10 ಗಂಟೆಗಳ ನಿದ್ರೆ ಬೇಕು.
• ಓದು, ಊಟ, ಗೆಳೆಯರು, ಎಲ್ಲಕ್ಕಿಂತ ಆಟವೇ ಹೆಚ್ಚಾಗುವುದು.
• ಕಳೆದದ್ದನ್ನು ಮರಳಿ ಪಡೆಯಲೆಂದು ಮತ್ತಷ್ಟು ಹಣ ಹಾಕುವುದು.
• ಸುಳ್ಳು ಹೇಳುವುದು, ಸಾಲ ಮಾಡುವುದು, ಮನೆಯವರ ಖಾತೆಯಿಂದ ಹಣ ತೆಗೆಯುವುದು.
• ಬೆಲೆ ಇಳಿದ ದಿನ ಸಿಡುಕು, ಮಂಕು, ಊಟ ಬಿಡುವುದು.

ಮನೆಯವರು ಏನು ಮಾಡಬೇಕು?

ಮೊದಲು ಬೈಯದೆ ಕೇಳಿ. ಮಗನಾಗಲಿ ಮಗಳಾಗಲಿ, ಎಷ್ಟು ಹಣ ಹೋಗಿದೆ, ಯಾರಿಗೆ ಎಷ್ಟು ಕೊಡಬೇಕಾಗಿದೆ ಎಂದು ನಿಜ ಹೇಳುವ ಧೈರ್ಯ ಅವರಿಗೆ ಬರಬೇಕು. ಮೊಬೈಲನ್ನು ಕಿತ್ತು ಬಿಸಾಡಿದರೆ ಆಟ ಗುಟ್ಟಾಗಿ ಮುಂದುವರಿಯುತ್ತದೆಯೇ ಹೊರತು ನಿಲ್ಲುವುದಿಲ್ಲ. ಸಾಲ ತೀರಿಸಬೇಕಾದರೆ ಹಣವನ್ನು ಮಕ್ಕಳ ಕೈಗೆ ಕೊಡದೆ ನೀವೇ ತೀರಿಸಿ. ಯುಪಿಐ ಗುಪ್ತಸಂಖ್ಯೆಯನ್ನು ಬದಲಿಸಿ. ಮಲಗುವ ಹೊತ್ತಿಗೆ ಎಲ್ಲರ ಮೊಬೈಲುಗಳೂ, ತಂದೆಯದೂ ಸೇರಿ, ನಡುಮನೆಯಲ್ಲಿರಲಿ. 'ನನ್ನ ಮಗ ಆಡಿಯೇ ಸಂಪಾದಿಸುತ್ತಾನೆ' ಎಂದು ನೆಂಟರ ಮುಂದೆ ಹೊಗಳುವುದನ್ನು ಬಿಡಿ. ನಾಳೆ ಸೋತಾಗ ಅವನು ಅದನ್ನು ಬಚ್ಚಿಡುವುದು ಈ ಹೊಗಳಿಕೆಗೆ ಅಂಜಿಯೇ.

ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆದರೆ ಅಂಟಿದ ಚಟವನ್ನು ಕಾಯ್ದೆಯೊಂದೇ ಬಿಡಿಸಲಾರದು. ಅದಕ್ಕೆ ಚಿಕಿತ್ಸೆಯಿದೆ. ಆಲೋಚನೆ ಮತ್ತು ವರ್ತನೆಗಳನ್ನು ತಿದ್ದುವ ಮನೋಚಿಕಿತ್ಸೆಯಿಂದ ಅನೇಕರು ಚೇತರಿಸಿಕೊಳ್ಳುತ್ತಾರೆ. ಖಿನ್ನತೆ ಇದ್ದರೆ ಅದಕ್ಕೂ ಚಿಕಿತ್ಸೆ ಆಗಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮೊಬೈಲ್ ಮತ್ತು ಇಂಟರ್‌ನೆಟ್ ಗೀಳಿಗೆಂದೇ 2014ರಲ್ಲಿ 'ಶಟ್' ಚಿಕಿತ್ಸಾಲಯವನ್ನು ಆರಂಭಿಸಿತು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.

ದೊಡ್ಡ ಮೊತ್ತ ಕಳೆದುಕೊಂಡವರಲ್ಲಿ ಸಾಯುವ ಯೋಚನೆ ಸುಳಿಯುವುದುಂಟು. ಅಂಥ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ಅಂದೇ ವೈದ್ಯರ ಬಳಿ ಕರೆದೊಯ್ಯಿರಿ. ಹೋದ ಹಣದ ಲೆಕ್ಕವನ್ನು ಆಮೇಲೆ ನೋಡಿಕೊಳ್ಳಬಹುದು.